ಶಾಲೆಯ ಪಾಠ, ಮನೆಯ ತಟ್ಟೆ: ಮಕ್ಕಳೊಂದಿಗೆ ಪೌಷ್ಟಿಕತೆಯ ಕುರಿತು ಮಾತನಾಡುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ಪುನಶ್ಚೇತನ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ರಾಗಿ ಬೆಳೆಯುವ ಬಯಲುಸೀಮೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಡೆದ ಮಕ್ಕಳ ಗ್ರಾಮ ಸಭೆಯ ಪ್ರಸಂಗದಿಂದ ಇಂದಿನ ವಿಷಯವನ್ನು ಆರಂಭಿಸುವುದು ಉಚಿತ. ಆ ಸಭೆಯಲ್ಲಿ ಮಕ್ಕಳು ಶೌಚಾಲಯ, ಆಟದ ಮೈದಾನ, ಬೀದಿದೀಪ, ಶಾಲೆಗೆ ಬರುವ ಹಾದಿಯ ಮುಳ್ಳುಬೇಲಿ ಮುಂತಾದ ಬೇಡಿಕೆಗಳನ್ನು ಮಂಡಿಸಿದರು. ಕೊನೆಗೆ ಐದನೆಯ ತರಗತಿಯ ಬಾಲಕಿಯೊಬ್ಬಳು ಎದ್ದು ನಿಂತು, "ಸಾರ್, ಬೆಳಿಗ್ಗೆ ಹಾಲು, ಹಣ್ಣು, ಮೊಟ್ಟೆ ತಿನ್ನಬೇಕು ಅಂತ ಪಾಠದಲ್ಲಿ ಹೇಳಿಕೊಟ್ಟಿದ್ದಾರೆ. ನಮ್ಮನೇಲಿ ತಂಗಳ ಮುದ್ದೆಗೆ ಮಜ್ಜಿಗೆ ಕಲಸಿ ಕೊಡ್ತಾರೆ. ನಾವು ತಿನ್ನೋದು ತಪ್ಪಾ?" ಎಂದು ಕೇಳಿದಳು. ಸಭೆಯಲ್ಲಿ ನಗು ಹರಡಿತು. ಹಿರಿಯ ಸದಸ್ಯರೊಬ್ಬರು, "ಅದು ನಿಮ್ಮ ಅವ್ವನ್ನ ಕೇಳಬೇಕಮ್ಮ, ಪಂಚಾಯಿತಿಯನ್ನಲ್ಲ" ಎಂದರು. ನಡಾವಳಿ ಪುಸ್ತಕದಲ್ಲಿ ಬೀದಿದೀಪದ ಬೇಡಿಕೆ ದಾಖಲಾಯಿತು. ಬಾಲಕಿಯ ಪ್ರಶ್ನೆ ದಾಖಲಾಗಲಿಲ್ಲ.

ಕೆಲವು ವಾರಗಳ ಬಳಿಕ ಅದೇ ಬಾಲಕಿ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಬಿದ್ದಳು. ವಿಚಾರಿಸಿದಾಗ, ಸಭೆಯ ಮರುದಿನದಿಂದಲೇ ಆಕೆ ಬೆಳಗಿನ ಮುದ್ದೆಯನ್ನು ನಿಲ್ಲಿಸಿ, ಒಂದು ಲೋಟ ಚಹಾ ಮತ್ತು ಎರಡು ಬಿಸ್ಕತ್ತಿನಲ್ಲಿ ಶಾಲೆಗೆ ಬರುತ್ತಿದ್ದಳೆಂದು ತಿಳಿಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಪ್ರಮಾಣ ಕಡಿಮೆಯಿತ್ತು. ರಕ್ತಹೀನತೆ ಕೆಲವೇ ವಾರಗಳಲ್ಲಿ ಬಂದದ್ದಲ್ಲ. ಅದು ಮೊದಲೇ ಇದ್ದ ತೊಂದರೆ. ಆದರೆ ಹೊಟ್ಟೆ ತುಂಬುತ್ತಿದ್ದ ಒಂದು ಹೊತ್ತಿನ ಊಟವನ್ನೂ ಆ ಮಗು ಕೈಬಿಟ್ಟಿದ್ದಕ್ಕೆ ಕಾರಣ ಬಡತನವಾಗಿರಲಿಲ್ಲ, ಉತ್ತರ ಸಿಗದ ಒಂದು ಪ್ರಶ್ನೆಯಾಗಿತ್ತು. ಕೂಲಿಗೆ ಹೋಗುವ ತಾಯಿ ಹೇಳಿದ್ದು ಇಷ್ಟೇ: "ಪುಸ್ತಕ ಓದಿದ ಮೇಲೆ ನನ್ನ ಕೈಯಡುಗೆ ಅವಳಿಗೆ ಕಳಪೆ ಆಯ್ತು."

ಶಾಲೆ ತನ್ನ ಕರ್ತವ್ಯವನ್ನು ಮಾಡಿತ್ತು, ತಾಯಿಯೂ ತನ್ನ ಕರ್ತವ್ಯವನ್ನು ಮಾಡಿದ್ದಳು. ಇಬ್ಬರ ನಡುವೆ ನಿಂತ ಮಗುವಿಗೆ ಎರಡನ್ನೂ ಜೋಡಿಸಿ ಹೇಳುವವರು ಇರಲಿಲ್ಲ. ಆ ಜೋಡಣೆಯಲ್ಲಿ ಗ್ರಾಮ ಪಂಚಾಯಿತಿಯ ಪಾತ್ರವೇನು ಎಂಬುದೇ ಈ ಉಪನ್ಯಾಸದ ವಿಷಯ.

1. ಸಮಸ್ಯೆಯ ಗಾತ್ರ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019-21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವನ್ನು ಹೊಂದಿಲ್ಲ, ಶೇ. 32.9ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ತೂಕವನ್ನು ಹೊಂದಿಲ್ಲ. ಆರು ತಿಂಗಳಿನಿಂದ 59 ತಿಂಗಳವರೆಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಈ ಪ್ರಮಾಣ ಶೇ. 47.8. ಅಂದರೆ ಮಗುವಿಗೆ ಅಡುಗೆ ಮಾಡಿ ಬಡಿಸುವ ತಾಯಂದಿರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸ್ವತಃ ರಕ್ತಹೀನರು.

ಇದನ್ನು ಎದುರಿಸಲು ಸರ್ಕಾರದ ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದ ಬಿಸಿಯೂಟ ಯೋಜನೆಯು ಅಕ್ಷರ ದಾಸೋಹ ಎಂಬ ಹೆಸರಿನಲ್ಲಿ ಇಡೀ ರಾಜ್ಯಕ್ಕೆ ವಿಸ್ತರಿಸಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂದಿತು. 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲು ಮಗುವಿನ ಲೋಟಕ್ಕೆ ಬೀಳತೊಡಗಿತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಭಾಗದಲ್ಲಿ ಮೊಟ್ಟೆ ವಿತರಣೆ ಆರಂಭವಾಗಿ, ಮುಂದೆ ರಾಜ್ಯವ್ಯಾಪಿಯಾಯಿತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ಅದು ವಾರಕ್ಕೆ ಆರು ದಿನಗಳಿಗೆ ಏರಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ನೀಡುವ ವ್ಯವಸ್ಥೆಯಿದೆ. 2024ರಿಂದ ವಾರದಲ್ಲಿ ಮೂರು ದಿನ ಹಾಲಿನೊಡನೆ ರಾಗಿ ಮಾಲ್ಟ್ ಕೂಡ ಸೇರಿದೆ.

ಆದರೆ ಲೆಕ್ಕವನ್ನು ಪೂರ್ತಿ ನೋಡಬೇಕು. ಬಿಸಿಯೂಟದ ಮಾನದಂಡದ ಪ್ರಕಾರ ಕಿರಿಯ ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ 450 ಕಿಲೋಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕ ಹಂತದ ಮಗುವಿಗೆ 700 ಕಿಲೋಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ದೊರೆಯಬೇಕು. ಇದು ಒಂದು ಹೊತ್ತಿನ ಊಟ. ಉಳಿದ ಹೊತ್ತುಗಳ ಊಟ, ಭಾನುವಾರಗಳು, ದಸರಾ ರಜೆ, ಬೇಸಿಗೆ ರಜೆ ಎಲ್ಲವೂ ಮನೆಯ ಪಾಲು. ಆದಕಾರಣ ಶಾಲೆಯ ಪಾಠವು ಮನೆಯ ಅಡುಗೆಯನ್ನು ಕೀಳಾಗಿ ಕಾಣುವಂತೆ ಮಾಡಿದರೆ, ಒಂದು ಹೊತ್ತಿನ ಲಾಭಕ್ಕಾಗಿ ಉಳಿದ ಹೊತ್ತುಗಳನ್ನು ಕಳೆದುಕೊಂಡಂತಾಗುತ್ತದೆ.

2. ಪಾಠಕ್ಕೂ ಮನೆಗೂ ಎಲ್ಲಿ ಭಿನ್ನತೆ?

ಭಿನ್ನತೆಗಳೆಲ್ಲ ಒಂದೇ ಬಗೆಯವಲ್ಲ. ಅವುಗಳನ್ನು ಮೂರಾಗಿ ವಿಂಗಡಿಸಿಕೊಂಡರೆ ಮಾತನಾಡುವ ದಾರಿ ಸುಲಭವಾಗುತ್ತದೆ.

ಮೊದಲನೆಯದು, ತೋರಿಕೆಯ ಭಿನ್ನತೆ. ಇಲ್ಲಿ ಮನೆಯ ಊಟ ಸರಿಯಾಗಿಯೇ ಇದೆ. ಚಿತ್ರ ಮಾತ್ರ ಬೇರೆ. ಸಮತೋಲನ ಆಹಾರದ ಭಿತ್ತಿಪಟಗಳಲ್ಲಿ ಸಾಮಾನ್ಯವಾಗಿ ಸೇಬು, ದ್ರಾಕ್ಷಿ, ಬ್ರೆಡ್ಡು, ಹೂಕೋಸು ಕಾಣುತ್ತವೆ. ಮೇಲೆ ಹೇಳಿದ ಪಂಚಾಯಿತಿಯಲ್ಲಿ ಅಂಗನವಾಡಿಯ ಗೋಡೆಗೆ ಬಳಿಸಿದ್ದ ಚಿತ್ರವೂ ಅಂಥದೇ. ಹಣ ಪಂಚಾಯಿತಿಯದು, ಊರು ರಾಗಿಯದು, ಆದರೆ ಗೋಡೆಯ ಮೇಲೆ ಒಂದು ರಾಗಿ ತೆನೆಯೂ ಇರಲಿಲ್ಲ. ಸೇಬಿನ ಪಕ್ಕದಲ್ಲಿ ಸೀಬೆಹಣ್ಣನ್ನು ಇಟ್ಟು ನೋಡಬೇಕು: 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಸಿ ಜೀವಸತ್ವವಿದೆ, ಅಷ್ಟೇ ತೂಕದ ಸೇಬಿನಲ್ಲಿ 5 ಮಿಲಿಗ್ರಾಂ ಕೂಡ ಇಲ್ಲ. ಸೀಬೆ ಹಿತ್ತಲಲ್ಲಿ ಬೆಳೆಯುತ್ತದೆ, ಸೇಬು ಹಿಮಾಚಲದಿಂದಲೋ ಕಾಶ್ಮೀರದಿಂದಲೋ ಬರಬೇಕು.

ರಾಗಿಯ ಲೆಕ್ಕವೂ ಹೀಗೆಯೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು. ಮಗುವಿನ ಸಣ್ಣ ಮುದ್ದೆಗೆ 60 ಗ್ರಾಂ ಹಿಟ್ಟೆಂದು ಹಿಡಿದರೂ 200 ಮಿಲಿಗ್ರಾಂ ಸುಣ್ಣದ ಅಂಶ ದೊರೆಯುತ್ತದೆ. ಶಾಲೆಯ ಒಂದು ಲೋಟ ಹಾಲಿನಲ್ಲಿರುವುದು ಸುಮಾರು 160 ಮಿಲಿಗ್ರಾಂ. ಹಾಲಿನ ಸುಣ್ಣ ದೇಹಕ್ಕೆ ಹೆಚ್ಚು ಸುಲಭವಾಗಿ ದಕ್ಕುತ್ತದೆ ಎಂಬುದು ನಿಜ. ರಾಗಿಯನ್ನು ಮೊಳಕೆ ಕಟ್ಟಿದರೆ ಅದೂ ಹೆಚ್ಚು ದಕ್ಕುತ್ತದೆ ಎಂಬುದೂ ನಿಜ. ಎಳೆಕೂಸಿಗೆ ಮೊಳಕೆ ಕಟ್ಟಿದ ರಾಗಿಯ ಸರಿ ಮಾಡಿ ತಿನ್ನಿಸುತ್ತ ಬಂದ ಅಜ್ಜಿಯರಿಗೆ ಇದು ಹೊಸ ವಿಷಯವೇನಲ್ಲ.

ಬಸ್ಸಾರನ್ನೇ ತೆಗೆದುಕೊಳ್ಳಬಹುದು. ತರಕಾರಿ ಬೇಯಿಸಿದ ನೀರನ್ನು ಚೆಲ್ಲಬಾರದು, ಅದರಲ್ಲಿ ಸತ್ವವಿದೆ ಎಂದು ಪಾಠ ಹೇಳುತ್ತದೆ. ಹುರುಳಿಕಾಳು, ಸೊಪ್ಪು ಬೇಯಿಸಿ, ಬಸಿದ ಕಟ್ಟಿನಿಂದ ಸಾರು ಮಾಡಿ, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡುವ ಮನೆಯಲ್ಲಿ ಆ ಪಾಠ ಪ್ರತಿದಿನ ಒಲೆಯ ಮೇಲೆ ನಡೆಯುತ್ತಿದೆ. ಧಾನ್ಯದಲ್ಲಿ ಕೊರತೆಯಿರುವ ಪ್ರೋಟೀನಿನ ಅಂಶವನ್ನು ಬೇಳೆಕಾಳು ತುಂಬಿಕೊಡುತ್ತದೆ ಎಂದು ವಿಜ್ಞಾನ ಹೇಳುತ್ತದೆ. ದಕ್ಷಿಣದ ಮುದ್ದೆ-ಹುರುಳಿ ಸಾರು, ಉತ್ತರದ ಜೋಳದ ರೊಟ್ಟಿ-ಮಡಕಿಕಾಳಿನ ಪಲ್ಯ-ಶೇಂಗಾ ಚಟ್ನಿ, ಎರಡೂ ಅದನ್ನೇ ಮಾಡುತ್ತಿವೆ. ಕರಾವಳಿಯ ಕುಚ್ಚಲಕ್ಕಿ ಗಂಜಿ ಮತ್ತು ಮೀನಿನ ಸಾರೂ ಇದೇ ಸಾಲಿಗೆ ಸೇರುತ್ತದೆ.

ಎರಡನೆಯದು, ನಿಜವಾದ ಭಿನ್ನತೆ. ಇಲ್ಲಿ ಪಾಠವೇ ಸರಿ, ಮನೆಯ ರೂಢಿ ಬದಲಾಗಬೇಕು. ಬೆಳಗಿನ ಊಟದ ಬದಲು ಮಕ್ಕಳಿಗೆ ಚಹಾ ಕೊಡುವುದು ಇಂಥ ರೂಢಿ. ಊಟದ ಜೊತೆಗೆ ಅಥವಾ ಊಟವಾದೊಡನೆ ಚಹಾ ಕುಡಿದರೆ ಸೊಪ್ಪು, ಕಾಳುಗಳಲ್ಲಿನ ಕಬ್ಬಿಣದ ಅಂಶ ದೇಹಕ್ಕೆ ದಕ್ಕುವುದು ಕಡಿಮೆಯಾಗುತ್ತದೆ. ಅದರ ಬದಲು ಸಾರಿಗೆ ನಿಂಬೆಹಣ್ಣು ಹಿಂಡಿದರೆ ಹೆಚ್ಚು ದಕ್ಕುತ್ತದೆ. ಮುದ್ದೆ, ರೊಟ್ಟಿಗಳು ಹಿಂದೆ ಸರಿದು ಮೂರು ಹೊತ್ತೂ ಬಿಳಿ ಅನ್ನ ಮತ್ತು ತಿಳಿಸಾರು ಆಗಿರುವ ಮನೆಗಳೂ ಇವೆ. ಅಲ್ಲಿ ಮನೆಯವರು "ನಮ್ಮ ಹಳೆಯ ಪದ್ಧತಿ" ಎಂದು ಹೇಳುವುದು ವಾಸ್ತವದಲ್ಲಿ ಹಳೆಯದೇ ಅಲ್ಲ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ನುಂಗಿದ ಮಗುವಿನ ಮಲ ಕಪ್ಪಾದುದನ್ನು ಕಂಡು ಹೆದರಿ ಮಾತ್ರೆಯನ್ನೇ ನಿಲ್ಲಿಸುವ ಪೋಷಕರಿದ್ದಾರೆ. ಹಾಗಾಗುವುದು ಸಹಜ, ಅಪಾಯವಿಲ್ಲ ಎಂದು ಮೊದಲೇ ಒಂದು ಮಾತು ಹೇಳಿದ್ದರೆ ಅದು ತಪ್ಪುತ್ತಿತ್ತು.

ಇವೆಲ್ಲಕ್ಕಿಂತ ಆಳವಾದ ರೂಢಿ ಮತ್ತೊಂದಿದೆ. ಎಲ್ಲರೂ ಉಂಡ ಮೇಲೆ ಹೆಂಗಸರು ಉಣ್ಣಬೇಕು. ಗಂಡುಮಗನ ತಟ್ಟೆಗೆ ಮೊದಲ ಸೌಟು, ಹೆಣ್ಣುಮಗಳ ತಟ್ಟೆಗೆ ತಳದ ಸಾರು. ಹದಿಹರೆಯಕ್ಕೆ ಬಂದ ಹೆಣ್ಣುಮಕ್ಕಳಿಗೆ ಕಬ್ಬಿಣಾಂಶದ ಅಗತ್ಯ ಹೆಚ್ಚಾಗುವ ಹೊತ್ತಿಗೇ ಅವರ ಪಾಲು ಕಡಿಮೆಯಾಗತೊಡಗುತ್ತದೆ. ಇದು ಸಂಸ್ಕೃತಿಯೆಂದು ಸುಮ್ಮನಿರಲು ಸಾಧ್ಯವಿಲ್ಲ.

ಮೂರನೆಯದು, ಆಯ್ಕೆಯ ಭಿನ್ನತೆ. ಇಲ್ಲಿ ಸರಿ-ತಪ್ಪು ಎಂಬ ತೀರ್ಪು ಬೇಕಾಗಿಲ್ಲ. ಮೊಟ್ಟೆಯ ವಿಷಯ ಈ ಗುಂಪಿಗೆ ಸೇರುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ದರ್ಜೆಯ ಪ್ರೋಟೀನ್ ಇದೆ. ತಿನ್ನುವ ಮಗುವಿಗೆ ಅದನ್ನು ತಪ್ಪಿಸುವುದಕ್ಕೆ ಕಾರಣವಿಲ್ಲ. ತಿನ್ನದ ಮನೆತನದ ಮಗುವಿಗೆ ಹಾಲು, ಮೊಸರು, ಬೇಳೆಕಾಳು, ಶೇಂಗಾ ಇವೆ. ಬಿ-12 ಜೀವಸತ್ವ ಸೊಪ್ಪು-ಕಾಳುಗಳಲ್ಲಿ ದೊರೆಯದಿರುವುದರಿಂದ ಅಂಥ ಮಗುವಿಗೆ ಹಾಲು, ಮೊಸರು ತಪ್ಪಬಾರದು ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಮೊಟ್ಟೆ ವಿತರಣೆ ಆರಂಭವಾದಾಗ ವಿರೋಧವೂ ವ್ಯಕ್ತವಾಯಿತು, ಮೊಟ್ಟೆ ಬೇಕೆಂದು ಮಕ್ಕಳೇ ಗಟ್ಟಿಯಾಗಿ ಕೇಳಿದ್ದೂ ಆಯಿತು. ಆ ಚರ್ಚೆ ಹಿರಿಯರ ನಡುವೆ ಎಷ್ಟೇ ನಡೆಯಲಿ, ಊಟದ ಸಾಲಿನಲ್ಲಿ ಕುಳಿತ ಮಗುವಿನ ಮೇಲೆ ಅದರ ಭಾರ ಬೀಳಬಾರದು.

ಮಾಂಸಾಹಾರದ ವಿಷಯದಲ್ಲೂ ಇದೇ ಮಾತು. ಕೆರೆಯ ಏಡಿ, ಮೀನು, ಕುರಿಯ ರಕ್ತ, ತಲೆಕಾಲು ಮುಂತಾದವನ್ನು ತಿನ್ನುವ ಮನೆಗಳ ಮಕ್ಕಳು "ನಿನ್ನೆ ಏನು ಊಟ?" ಎಂದು ಶಾಲೆಯಲ್ಲಿ ಕೇಳಿದಾಗ ಸುಳ್ಳು ಹೇಳುತ್ತಾರೆ, ಅನ್ನ-ಸಾರು ಎಂದು ಹೇಳಿ ಕುಳಿತುಬಿಡುತ್ತಾರೆ. ಕಬ್ಬಿಣ ಮತ್ತು ಪ್ರೋಟೀನಿನ ದೃಷ್ಟಿಯಿಂದ ನೋಡಿದರೆ ಆ ಮಗು ಉಂಡದ್ದು ತರಗತಿಯಲ್ಲೇ ಉತ್ತಮ ಊಟವಾಗಿರಬಹುದು. ನಾಚಿಕೆಯಿಂದ ಬಚ್ಚಿಟ್ಟ ಊಟದ ಬಗ್ಗೆ ಮಗುವಿನೊಡನೆ ಯಾವ ಪೌಷ್ಟಿಕತೆಯ ಪಾಠವೂ ಸಾಧ್ಯವಾಗದು.

3. ಮಕ್ಕಳೊಂದಿಗೆ ಹೇಗೆ ಮಾತನಾಡಬೇಕು?

ಸದಸ್ಯರು ಶಾಲೆಗೆ ಭೇಟಿ ನೀಡಿದಾಗ, ಮಕ್ಕಳ ಗ್ರಾಮ ಸಭೆಯಲ್ಲಿ, ಕೊನೆಗೆ ತಮ್ಮ ಮನೆಯಲ್ಲಿಯೂ ಪಾಲಿಸಬಹುದಾದ ಕೆಲವು ಅಂಶಗಳು ಇಲ್ಲಿವೆ.

(ಅ) ಮಗುವಿನ ಎದುರಿಗೆ ಶಿಕ್ಷಕರನ್ನಾಗಲಿ ತಾಯಿಯನ್ನಾಗಲಿ ತೆಗಳಬಾರದು. "ನಿಮ್ಮ ಮೇಷ್ಟ್ರಿಗೇನು ಗೊತ್ತು" ಎಂದರೆ ಮಗು ಪಾಠವನ್ನು ನಂಬುವುದಿಲ್ಲ. "ನಿಮ್ಮವ್ವನಿಗೆ ತಿಳಿಯದು" ಎಂದರೆ ಮನೆಯ ಊಟವನ್ನು ನಂಬುವುದಿಲ್ಲ. ಎರಡರಲ್ಲೂ ನಷ್ಟ ಮಗುವಿನದೇ.

(ಆ) ಆದೇಶದ ಬದಲು ಪ್ರಶ್ನೆ ಕೇಳಬೇಕು. "ದಿನಾ ಹಣ್ಣು ತಿನ್ನು" ಎಂದು ಹೇಳಿದರೆ ಹಣ್ಣು ಕೊಳ್ಳಲಾಗದ ಮನೆಯ ಮಗು ತಲೆ ತಗ್ಗಿಸುತ್ತದೆ. "ನಿಮ್ಮ ಹೊಲದ ಬದುವಿನಲ್ಲಿ, ಹಿತ್ತಲಲ್ಲಿ ಯಾವ ಯಾವ ಹಣ್ಣು ಸಿಗುತ್ತವೆ?" ಎಂದು ಕೇಳಿದರೆ ಅದೇ ಮಗು ಸೀಬೆ, ಪರಂಗಿ, ನೇರಳೆ, ನೆಲ್ಲಿ, ಸೀತಾಫಲ, ಕಾರೆಹಣ್ಣು ಎಂದು ಬೆರಳು ಮಡಚಿ ಎಣಿಸುತ್ತದೆ.

(ಇ) ಪಾಠದ ಪದವನ್ನು ಮನೆಯ ಪದಕ್ಕೆ ಜೋಡಿಸಬೇಕು. ದೇಹ ಬೆಳೆಸುವ ಆಹಾರ ಎಂದರೆ ಅವರೆ, ಅಲಸಂದೆ, ಹುರುಳಿ, ಹಾಲು, ಮೊಟ್ಟೆ, ಮೀನು; ಶಕ್ತಿ ಕೊಡುವ ಆಹಾರ ಎಂದರೆ ಮುದ್ದೆ, ರೊಟ್ಟಿ, ಅನ್ನ, ಎಣ್ಣೆ, ಬೆಲ್ಲ; ರಕ್ಷಿಸುವ ಆಹಾರ ಎಂದರೆ ನುಗ್ಗೆ, ದಂಟು, ಅಣ್ಣೆ, ಹೊನಗೊನ್ನೆ ಸೊಪ್ಪು ಮತ್ತು ಮೇಲೆ ಹೇಳಿದ ಹಣ್ಣುಗಳು. ಈ ಪಟ್ಟಿಯನ್ನು ಮಕ್ಕಳಿಂದಲೇ ಮಾಡಿಸಿದರೆ, ಯಾವ ಸಾಲು ಖಾಲಿ ಉಳಿಯಿತು ಎಂಬುದು ಅವರಿಗೇ ಕಾಣುತ್ತದೆ. ಖಾಲಿ ಸಾಲಿನ ಬಗ್ಗೆ ಮಾತನಾಡಬೇಕೇ ಹೊರತು ಇಡೀ ತಟ್ಟೆಯ ಬಗ್ಗೆ ಅಲ್ಲ.

(ಈ) "ಕೆಟ್ಟ ಊಟ", "ಬಡವರ ಊಟ" ಎಂಬ ಮಾತುಗಳನ್ನು ಬಿಡಬೇಕು. "ದಿನಾ ತಿನ್ನುವುದು", "ಅಪರೂಪಕ್ಕೆ ತಿನ್ನುವುದು" ಎಂಬ ವಿಂಗಡಣೆ ಮಕ್ಕಳಿಗೆ ಅರ್ಥವಾಗುತ್ತದೆ. ಹಬ್ಬದ ಒಬ್ಬಟ್ಟು, ಜಾತ್ರೆಯ ಬೆಂಡು-ಬತ್ತಾಸು ಅಪರೂಪದ ಸಾಲಿಗೆ ಸೇರಲಿ, ಅವು ಅಪರಾಧವಲ್ಲ.

(ಉ) ಮಗುವಿನ ಮೈಕಟ್ಟಿನ ಬಗ್ಗೆ, ಎತ್ತರ-ತೂಕದ ಬಗ್ಗೆ ಬೇರೆ ಮಕ್ಕಳ ಮುಂದೆ ಮಾತನಾಡಬಾರದು. ತೂಕದ ಅಂಕಿ ಶಿಕ್ಷಕರು, ಆಶಾ ಕಾರ್ಯಕರ್ತೆ ಮತ್ತು ಪೋಷಕರ ನಡುವೆ ಉಳಿಯಬೇಕು.

(ಊ) ತಿದ್ದಬೇಕಾದ ರೂಢಿಯನ್ನು ಮಗುವಿನ ಮೂಲಕ ತಿದ್ದಿಸಲು ಹೋಗಬಾರದು. "ಮನೆಗೆ ಹೋಗಿ ನಿಮ್ಮ ಅಪ್ಪನಿಗೆ ಹೇಳು" ಎಂದು ಕಳುಹಿಸಿದ ಮಗು ಮನೆಯಲ್ಲಿ ಬೈಗುಳ ತಿನ್ನುತ್ತದೆ, ಕೆಲವೊಮ್ಮೆ ಏಟನ್ನೂ ತಿನ್ನುತ್ತದೆ. ಹೆಣ್ಣುಮಗಳ ತಟ್ಟೆಯ ವಿಷಯವನ್ನು ತಂದೆಗೆ, ಅಜ್ಜಿಗೆ ಹೇಳಬೇಕಾದವರು ಹಿರಿಯರು. ಆ ಮಾತನ್ನು ಸದಸ್ಯರು ಹೇಳಿದರೆ ಅದಕ್ಕೆ ಬೇರೆಯೇ ತೂಕವಿರುತ್ತದೆ.

(ಋ) ಮೊಟ್ಟೆ ತಿನ್ನುವವರು ಮತ್ತು ತಿನ್ನದವರು ಎಂದು ಮಕ್ಕಳನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸಬಾರದು. ಒಂದೇ ಸಾಲು, ಬೇರೆ ಬೇರೆ ತಟ್ಟೆ. ಅಡುಗೆಯವರ ಜಾತಿಯ ಕಾರಣಕ್ಕೆ ಬಿಸಿಯೂಟ ಬೇಡವೆನ್ನುವ ಮಾತು ಎಲ್ಲಿಯಾದರೂ ಕೇಳಿಬಂದರೆ ಅದನ್ನು ಮೂರನೆಯ ಗುಂಪಿನ ಆಯ್ಕೆಯೆಂದು ಪರಿಗಣಿಸಲಾಗದು. ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಆದ್ಯತೆ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿಯೇ ಆದೇಶಿಸಿದೆ. ಅಸ್ಪೃಶ್ಯತೆಯ ಆಚರಣೆ ಸಂವಿಧಾನದ 17ನೆಯ ವಿಧಿಯನ್ವಯ ನಿಷಿದ್ಧ. ಅಂಥ ಸಂದರ್ಭದಲ್ಲಿ ಸದಸ್ಯರು ಮಾಡಬಹುದಾದ ಅತ್ಯುತ್ತಮ ಭಾಷಣವೆಂದರೆ ಆ ದಿನ ಶಾಲೆಗೆ ಹೋಗಿ, ಮಕ್ಕಳ ಪಂಕ್ತಿಯಲ್ಲಿ ಕುಳಿತು ಊಟ ಮಾಡುವುದು.

4. ಪೊಟ್ಟಣದ ತಿನಿಸು: ಶಾಲೆಗೂ ಮನೆಗೂ ಸಮಾನ ಎದುರಾಳಿ

ಶಾಲೆ ಮತ್ತು ಮನೆ ಪರಸ್ಪರ ವಾದಿಸುತ್ತಿರುವಾಗ ಮೂರನೆಯವನೊಬ್ಬ ಲಾಭ ಪಡೆಯುತ್ತಾನೆ. ಶಾಲೆಯ ಗೇಟಿನೆದುರು ಪೆಟ್ಟಿಗೆ ಅಂಗಡಿಯಲ್ಲಿ ತೂಗುವ ಐದು ರೂಪಾಯಿಯ ಪೊಟ್ಟಣಗಳನ್ನು ಪಾಠವೂ ಹೊಗಳುವುದಿಲ್ಲ, ಅಜ್ಜಿಯೂ ಒಪ್ಪುವುದಿಲ್ಲ. ಆದರೂ ಅವು ಮಾರಾಟವಾಗುತ್ತವೆ, ಏಕೆಂದರೆ ಅಳುವ ಮಗುವನ್ನು ಸುಮ್ಮನಾಗಿಸಲು ಅವು ಸುಲಭದ ದಾರಿ. ದಿನಕ್ಕೆ ಎರಡು ಪೊಟ್ಟಣವೆಂದರೆ 10 ರೂಪಾಯಿ, ತಿಂಗಳಿಗೆ 300, ವರ್ಷಕ್ಕೆ 3,650 ರೂಪಾಯಿ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಇದು 7,300 ರೂಪಾಯಿ ಆಗುತ್ತದೆ. ಹಾಲು-ಮೊಟ್ಟೆಗೆ ದುಡ್ಡಿಲ್ಲ ಎನ್ನುವ ಮನೆಯಿಂದಲೇ ಈ ಹಣ ಹೋಗುತ್ತಿರುತ್ತದೆ. ಈ ಲೆಕ್ಕವನ್ನು ಸ್ವಸಹಾಯ ಸಂಘಗಳ ಸಭೆಯಲ್ಲಿ ತಾಯಂದಿರಿಂದಲೇ ಮಾಡಿಸಿದರೆ ಬೇರೆ ಉಪದೇಶದ ಅಗತ್ಯ ಬೀಳದು.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ ಅತಿಯಾದ ಕೊಬ್ಬು, ಉಪ್ಪು, ಸಕ್ಕರೆಯುಳ್ಳ ತಿನಿಸುಗಳನ್ನು ಶಾಲೆಯ ಆವರಣದಲ್ಲಿ ಹಾಗೂ ಶಾಲಾ ಗೇಟಿನಿಂದ 50 ಮೀಟರ್ ಒಳಗೆ ಶಾಲಾ ಮಕ್ಕಳಿಗೆ ಮಾರುವಂತಿಲ್ಲ. ಅಂಗಡಿಯವರೂ ಊರಿನವರೇ, ಅವರಿಗೂ ಹೊಟ್ಟೆಪಾಡಿದೆ. ಆದ್ದರಿಂದ ಮೊದಲು ಕರೆದು ತಿಳಿಸಿ, ಶೇಂಗಾ ಮಿಠಾಯಿ, ಹುರಿಗಡಲೆ, ಕಡಲೆಪುರಿ, ಬಾಳೆಹಣ್ಣು, ಸೀಬೆಹಣ್ಣು ಇಡುವಂತೆ ಮನವೊಲಿಸುವುದು ಸೂಕ್ತ.

5. ಗ್ರಾಮ ಪಂಚಾಯಿತಿ ಏನು ಮಾಡಬಹುದು?

ಮತ್ತೆ ಆ ಬಾಲಕಿಯ ಊರಿಗೆ ಬರಬೇಕು. ಆಕೆ ತಲೆಸುತ್ತಿ ಬಿದ್ದ ಬಳಿಕ ಅಲ್ಲಿನ ಪಂಚಾಯಿತಿ ಕೈಗೊಂಡ ಕ್ರಮಗಳಲ್ಲಿ ದೊಡ್ಡ ಮೊತ್ತದ ಕಾಮಗಾರಿ ಯಾವುದೂ ಇರಲಿಲ್ಲ.

ಮೊದಲಿಗೆ, ದಾಖಲಾಗದೆ ಉಳಿದಿದ್ದ ಪ್ರಶ್ನೆಯನ್ನು ಮುಂದಿನ ಸಾಮಾನ್ಯ ಸಭೆಯ ನಡಾವಳಿಯಲ್ಲಿ ದಾಖಲಿಸಿ, ಉತ್ತರ ಕೊಡುವ ಹೊಣೆಯನ್ನು ಒಬ್ಬ ಮಹಿಳಾ ಸದಸ್ಯೆಗೆ ವಹಿಸಲಾಯಿತು. ಆಕೆ ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ಹಾಗೂ ಅಂಗನವಾಡಿ ಕಾರ್ಯಕರ್ತೆಯೊಡನೆ ಮಾತನಾಡಿ, ಒಂದು ಶನಿವಾರ ಊರಿನ ಮೂವರು ಅಜ್ಜಿಯರನ್ನು ಐದನೆಯ ತರಗತಿಗೆ ಕರೆಸಿದರು. ಶಿಕ್ಷಕಿ ಕಪ್ಪುಹಲಗೆಯ ಮೇಲೆ ಮೂರು ಬಗೆಯ ಆಹಾರದ ಸಾಲುಗಳನ್ನು ಬರೆದರು. ಅಜ್ಜಿಯರು ಒಂದೊಂದು ಸಾಲಿಗೆ ತಮಗೆ ತಿಳಿದ ಹೆಸರು ಹೇಳಿದರು. ಬೆರಕೆ ಸೊಪ್ಪಿನ ಸಾಲು ಎಷ್ಟು ಉದ್ದವಾಯಿತೆಂದರೆ ಹಲಗೆಯಲ್ಲಿ ಜಾಗ ಸಾಲಲಿಲ್ಲ. ಪಾಠ ಮುಗಿಯುವಾಗ ಅದೇ ಬಾಲಕಿ, "ಹಂಗಾದ್ರೆ ತಂಗಳ ಮುದ್ದೆ ಯಾವ ಸಾಲಿಗಜ್ಜಿ?" ಎಂದು ಕೇಳಿದಳು. ಅಜ್ಜಿ, "ಅದು ಶಕ್ತಿ ಸಾಲಿಗೆ ಕಣವ್ವ, ಮಜ್ಜಿಗೆ ಬೆಳೆಯೋ ಸಾಲಿಗೆ. ಸೊಪ್ಪಿನ ಸಾಲು ಮಾತ್ರ ನಿನ್ನ ತಟ್ಟೇಲಿ ಕಾಣ್ತಿಲ್ಲ, ಅದ್ನ ಕೇಳಿ ಹಾಕುಸ್ಕೊ" ಎಂದರು. ಪಾಠವನ್ನೂ ಮನೆಯನ್ನೂ ಬಿಟ್ಟುಕೊಡದ ಈ ಉತ್ತರವನ್ನು ಯಾವ ತರಬೇತಿಯೂ ಆ ಅಜ್ಜಿಗೆ ಕಲಿಸಿರಲಿಲ್ಲ.

ಎರಡನೆಯದಾಗಿ, ಅಂಗನವಾಡಿಯ ಗೋಡೆಗೆ ಸುಣ್ಣ ಬಳಿಯುವ ವಾರ್ಷಿಕ ಕೆಲಸದ ಜೊತೆಗೇ ಚಿತ್ರವನ್ನು ಬದಲಿಸಲಾಯಿತು. ರಾಗಿ ತೆನೆ, ಅವರೆಕಾಯಿ, ನುಗ್ಗೆ, ಸೀಬೆ, ಪರಂಗಿ, ಹಾಲು, ಮೊಟ್ಟೆ, ಮೀನು ಈಗ ಆ ಗೋಡೆಯ ಮೇಲಿವೆ. ಸೇಬನ್ನೂ ಒಂದು ಮೂಲೆಯಲ್ಲಿ ಉಳಿಸಲಾಗಿದೆ. ಅದರ ಮೇಲೆ ಯಾರಿಗೂ ದ್ವೇಷವಿಲ್ಲ.

ಮೂರನೆಯದಾಗಿ, ಉದ್ಯೋಗ ಖಾತರಿ ಯೋಜನೆಯಡಿ ಶಾಲೆಯ ಹಿಂಬದಿಯಲ್ಲಿ ಪೌಷ್ಟಿಕ ಕೈತೋಟ ಮಾಡಿ, ನುಗ್ಗೆ, ಕರಿಬೇವು, ಪರಂಗಿ, ನಿಂಬೆ ಹಾಕಲಾಯಿತು. ಕೈ ತೊಳೆಯುವ ನೀರು ತೋಟಕ್ಕೆ ಹರಿಯುವಂತೆ ಸಣ್ಣ ಕಾಲುವೆ ತೋಡಲಾಯಿತು. ನುಗ್ಗೆಸೊಪ್ಪು ಈಗ ವಾರಕ್ಕೊಮ್ಮೆ ಬಿಸಿಯೂಟದ ಸಾರಿಗೆ ಬೀಳುತ್ತಿದೆ.

ಇವುಗಳ ಜೊತೆಗೆ ಎಲ್ಲ ಪಂಚಾಯಿತಿಗಳೂ ಗಮನಿಸಬಹುದಾದ ಅಂಶಗಳು:

- ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಸಭೆಯನ್ನು ಸಹಿಗಾಗಿ ನಡೆಸದೆ, ಶಾಲೆ ಮತ್ತು ಅಂಗನವಾಡಿಯ ಪ್ರತಿನಿಧಿಗಳನ್ನು ಒಂದೆಡೆ ಕೂರಿಸುವುದು.
- ಸೆಪ್ಟೆಂಬರ್ ತಿಂಗಳ ಪೋಷಣ ಮಾಸದಲ್ಲಿ ಅಡುಗೆ ಸ್ಪರ್ಧೆಗಷ್ಟೇ ಸೀಮಿತವಾಗದೆ, ಊರಿನ ಸೊಪ್ಪು-ಕಾಳುಗಳ ಪಟ್ಟಿಯನ್ನು ಮಕ್ಕಳಿಂದ ಮಾಡಿಸಿ ಗ್ರಂಥಾಲಯದಲ್ಲಿ ಇರಿಸುವುದು.
- ಪ್ರತಿ ಸದಸ್ಯರೂ ತಮ್ಮ ಕ್ಷೇತ್ರದ ಶಾಲೆಯಲ್ಲಿ ತಿಂಗಳಿಗೊಮ್ಮೆ ಮುನ್ಸೂಚನೆಯಿಲ್ಲದೆ ಮಕ್ಕಳೊಂದಿಗೆ ಊಟ ಮಾಡುವುದು.
- ಕಬ್ಬಿಣಾಂಶದ ಮಾತ್ರೆ ಮತ್ತು ಜಂತುಹುಳು ಮಾತ್ರೆ ನೀಡುವ ಮುನ್ನ ಪೋಷಕರ ಸಭೆ ನಡೆಸಿ ಅನುಮಾನಗಳಿಗೆ ಉತ್ತರ ಕೊಡುವುದು.
- ಮಕ್ಕಳ ಗ್ರಾಮ ಸಭೆಯ ಪ್ರತಿಯೊಂದು ಪ್ರಶ್ನೆಯನ್ನೂ, ಅದು ಕಾಮಗಾರಿಯ ಬೇಡಿಕೆಯಲ್ಲದಿದ್ದರೂ, ನಡಾವಳಿಯಲ್ಲಿ ದಾಖಲಿಸಿ ಅನುಪಾಲನಾ ವರದಿ ನೀಡುವುದು.

6. ಉಪಸಂಹಾರ

ಬಾಲಕಿ ಮತ್ತೆ ಬೆಳಿಗ್ಗೆ ಮುದ್ದೆ ಉಣ್ಣುತ್ತಿದ್ದಾಳೆ. ಮಾತ್ರೆಯನ್ನೂ ತಪ್ಪದೆ ನುಂಗುತ್ತಿದ್ದಾಳೆ. ಮುಂದಿನ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಸ್ವಲ್ಪ ಏರಿತ್ತು. ಆದರೆ ಕಥೆ ಅಷ್ಟಕ್ಕೇ ಪೂರ್ಣವಾಗಿದೆ ಎಂದು ಹೇಳಿದರೆ ಅದು ವರದಿಗಾಗಿ ಬರೆದ ಮಾತಾಗುತ್ತದೆ. ಮಹಿಳಾ ಸದಸ್ಯೆ ಮನೆಗೆ ಹೋಗಿ ವಿಚಾರಿಸಿದಾಗ ಮಗಳ ತಟ್ಟೆಗೆ ಸೊಪ್ಪು ಬರುತ್ತಿದೆಯೆಂದು ತಿಳಿಯಿತು. ಎಲ್ಲಿಂದ ಬಂತೆಂದು ಕೇಳಿದರೆ, ತಾಯಿ ತನ್ನ ಪಾಲನ್ನು ಅವಳಿಗೆ ಹಾಕುತ್ತಿದ್ದಳು. ಆಕೆ ಇಂದಿಗೂ ಎಲ್ಲರೂ ಉಂಡ ಮೇಲೆಯೇ ಉಣ್ಣುತ್ತಾಳೆ. ಆಕೆಯ ರಕ್ತ ಪರೀಕ್ಷೆ ಇನ್ನೂ ಆಗಿಲ್ಲ.

ಆದ್ದರಿಂದ ಕೆಲಸ ಬಾಕಿಯಿದೆ. ಮಗುವಿನೊಡನೆ ಆಡುವ ಮಾತು ಆರಂಭ ಮಾತ್ರ. ಮಗುವಿಗೆ ಹೇಳಿದ ಮಾತನ್ನು ಉಳಿಸಿಕೊಡುವ ಕೆಲಸ ಹಿರಿಯರದು. ಶಾಲೆಯ ಪಾಠ ಮನೆಯ ಒಲೆಯವರೆಗೆ ತಲುಪಬೇಕು, ಮನೆಯ ತಿಳಿವಳಿಕೆ ಶಾಲೆಯ ಹಲಗೆಯವರೆಗೆ ತಲುಪಬೇಕು, ಆ ಮನೆಯಲ್ಲಿ ಅಡುಗೆ ಮಾಡುವವಳ ತಟ್ಟೆಯೂ ಅದರೊಳಗೆ ಸೇರಬೇಕು. ಈ ಮೂರರ ನಡುವೆ ಓಡಾಡಬಲ್ಲ, ಎರಡೂ ಕಡೆ ಗೌರವವಿರುವ ವ್ಯಕ್ತಿಗಳು ಊರಿನಲ್ಲಿ ಯಾರಾದರೂ ಇದ್ದರೆ ಅವರು ಚುನಾಯಿತ ಸದಸ್ಯರೇ.

ಮುಂದಿನ ಮಕ್ಕಳ ಗ್ರಾಮ ಸಭೆಯಲ್ಲಿ ಯಾವುದಾದರೂ ಮಗು ಎದ್ದು ನಿಂತು ತನ್ನ ಮನೆಯ ಊಟದ ಬಗ್ಗೆ ಪ್ರಶ್ನೆ ಕೇಳಿದರೆ, ಆ ಪ್ರಶ್ನೆಗೆ ಸಭೆ ನಗದಿರಲಿ; ನಡಾವಳಿ ಪುಸ್ತಕದಲ್ಲಿ ಅದಕ್ಕೊಂದು ಸಾಲು ಮೀಸಲಿರಲಿ.